ಸಾಕುಪ್ರಾಣಿ ಮತ್ತು ಮರಿಗಳ ಚಿತ್ರಪುಸ್ತಕ: 3 ವರ್ಷದೊಳಗಿನ ಮಕ್ಕಳ ಪೋಷಕರಿಗೆ ಮಾಹಿತಿ

ಅಂಗನವಾಡಿ ಕೇಂದ್ರಗಳಲ್ಲಿ ಶಾಲಾಪೂರ್ವ ಶಿಕ್ಷಣವನ್ನು 3 ರಿಂದ 6 ವರ್ಷದ ಮಕ್ಕಳಿಗೆ ನೀಡಲಾಗುತ್ತದೆ. ಆದ್ದರಿಂದ ಅದಕ್ಕಿಂತ ಚಿಕ್ಕ ಮಗುವಿಗೆ ಪೂರಕ ಪೌಷ್ಟಿಕ ಆಹಾರ ಮತ್ತು ಚುಚ್ಚುಮದ್ದು ಸಾಕು, ಪುಸ್ತಕ ಬೇಕಿಲ್ಲ ಎಂದು ಹಲವರು ಭಾವಿಸುತ್ತಾರೆ. ಇದು ಸರಿಯಲ್ಲ. ಕೇಂದ್ರ ಸರ್ಕಾರವು 2024ರಲ್ಲಿ ಹೊರತಂದ ‘ನವಚೇತನ’ ಮಾರ್ಗಸೂಚಿಯು ಹುಟ್ಟಿನಿಂದ 3 ವರ್ಷದವರೆಗಿನ ಮಕ್ಕಳ ಕಲಿಕೆಗೆಂದೇ ರೂಪಿತವಾಗಿದೆ.

ಈ ವಯಸ್ಸಿಗೆ ದಪ್ಪ ರಟ್ಟಿನ ಹಾಳೆಗಳ, ಪುಟಕ್ಕೊಂದು ತಾಯಿ ಮತ್ತು ಅದರ ಮರಿ ಇರುವ ಪುಸ್ತಕ ಸೂಕ್ತ. ಬಬಲೇಶ್ವರ ತಾಲ್ಲೂಕಿನ ತೋಟದ ವಸ್ತಿಗಳಲ್ಲಿ ಬೆಳೆಯುವ ಮಗು ಆಕಳು, ಎಮ್ಮೆ, ಆಡು, ಕುರಿ, ಕೋಳಿಗಳನ್ನು ದಿನವೂ ಕಾಣುತ್ತದೆ; ಅವುಗಳಿಂದಲೇ ಆರಂಭಿಸುವುದು ಒಳ್ಳೆಯದು. ಇಂಗ್ಲಿಷ್ ಪುಸ್ತಕಗಳಲ್ಲಿ ಒಂದೊಂದು ಮರಿಗೂ ಬೇರೆ ಹೆಸರಿರುತ್ತದೆ. ಕನ್ನಡದಲ್ಲಿ ಆಕಳು, ಎಮ್ಮೆಗಳದ್ದು ಕರು. ಉಳಿದವುಗಳದ್ದು ಹೆಚ್ಚಾಗಿ ಮರಿಯೇ. ಹೀಗಾಗಿ ‘ಆಡಿನ ಮರಿ’, ‘ಕೋಳಿ ಮರಿ’ ಎಂದು ತಾಯಿಯ ಹೆಸರನ್ನು ಸೇರಿಸಿಯೇ ಹೇಳಬೇಕು. ಪುಟ ತೋರಿಸಿದ ನಂತರ ಮಗುವನ್ನು ಕೊಟ್ಟಿಗೆಗೆ ಕರೆದೊಯ್ಯುವುದು ಉತ್ತಮ. ಈ ಭಾಗದ ಖಿಲಾರಿ ತಳಿಯ ಕರು ಹುಟ್ಟಿದಾಗ ಅದರ ನೆತ್ತಿ ತುಕ್ಕಿನ ಬಣ್ಣದ್ದಾಗಿರುತ್ತದೆ. ಒಂದೆರಡು ತಿಂಗಳಲ್ಲಿ ಅದು ಮಾಸುತ್ತದೆ. ಚಿತ್ರದಲ್ಲಿ ಇಲ್ಲದ ಇಂತಹ ಸಂಗತಿಯನ್ನು ಮಗು ತಾನೇ ಗುರುತಿಸಬಲ್ಲದು.

ಪುಸ್ತಕ ಕೊಳ್ಳಲೇಬೇಕೆಂದಿಲ್ಲ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 6 ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕಲ್ಪಿಸಲಾಯಿತು. ಪುಟ್ಟ ಮಗು ಸದಸ್ಯನಾಗದಿದ್ದರೂ ಮನೆಯ ಅಕ್ಕ ಅಥವಾ ಅಣ್ಣನ ಹೆಸರಿನಲ್ಲಿ ಪುಸ್ತಕ ಕೇಳಬಹುದು. ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಕಥೆಗಳು ಉಚಿತವಾಗಿ ದೊರೆಯುತ್ತವೆ. ಮನೆಯ ದನಕರುಗಳ ಛಾಯಾಚಿತ್ರಗಳನ್ನು ರಟ್ಟಿಗೆ ಅಂಟಿಸಿದರೂ ಪುಸ್ತಕವೇ ಆಗುತ್ತದೆ.

ಪೋಷಕರು ವಿಶೇಷವಾಗಿ ಗಮನಿಸಬೇಕಾದ ವಿಷಯವೊಂದಿದೆ. ‘ಆಕಳು ಎಲ್ಲಿದೆ?’ ಎಂದು ಕೇಳಿದಾಗ 2 ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳು ಚಿತ್ರದತ್ತ ಬೆರಳು ತೋರಿಸುತ್ತಾರೆ. ಎರಡು ಪದ ಕೂಡಿಸಿ ಮಾತನಾಡುತ್ತಾರೆ. ಹಾಗಾಗದಿದ್ದಲ್ಲಿ ‘ತಡವಾಗಿ ಮಾತು ಬರುತ್ತದೆ’ ಎಂದು ಕಾಯದೆ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸತಕ್ಕದ್ದು. ಕಿವಿ ಸರಿಯಾಗಿ ಕೇಳದಿರುವುದೂ ಇದಕ್ಕೆ ಕಾರಣವಿರಬಹುದು, ಮತ್ತು ಬೇಗ ಪತ್ತೆಯಾದಷ್ಟು ಚಿಕಿತ್ಸೆಯ ಪ್ರಯೋಜನ ಹೆಚ್ಚು. 2013ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದನ್ವಯ ವೈದ್ಯಕೀಯ ತಂಡಗಳು ವರ್ಷಕ್ಕೆ ಎರಡು ಬಾರಿ ಅಂಗನವಾಡಿಗಳಲ್ಲಿ ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡಿ, ಅಗತ್ಯವಿದ್ದಲ್ಲಿ ಮೇಲಿನ ಆಸ್ಪತ್ರೆಗೆ ಕಳುಹಿಸುತ್ತವೆ. ತಪಾಸಣೆಯ ದಿನವನ್ನು ಮೊದಲೇ ವಿಚಾರಿಸಿಕೊಳ್ಳುವುದು ಸೂಕ್ತ. ದೂರದ ವಸ್ತಿಯವರಿಗೆ ಇದು ತಪ್ಪಿಹೋಗುವ ಸಂಭವ ಹೆಚ್ಚು.

ಅಂಗನವಾಡಿ ನೋಂದಣಿಗೆ ಶುಲ್ಕವಿಲ್ಲ. ತಾಯಿ ಕಾರ್ಡ್, ಮಗುವಿನ ಜನನ ಪ್ರಮಾಣ ಪತ್ರ ಮತ್ತು ತಾಯಿಯ ಆಧಾರ್ ಕಾರ್ಡ್ ಒಯ್ಯುವುದು ಅನುಕೂಲ. ಮಗುವಿಗೆ ಇನ್ನೂ ಆಧಾರ್ ಆಗಿಲ್ಲವೆಂಬ ಕಾರಣಕ್ಕೆ ಸೇವೆ ನಿಲ್ಲುವುದಿಲ್ಲ. ತೊಂದರೆಯಾದಲ್ಲಿ ಅಂಗನವಾಡಿ ಮೇಲ್ವಿಚಾರಕಿಯರನ್ನು, ನಂತರ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನು ಸಂಪರ್ಕಿಸಬಹುದು.