ಗಣಕಭಾಷೆಯಲ್ಲಿ ಅಂಕಿತನಾಮ

ಮುಂಬಯಿಯ ಬೈಕುಲ್ಲಾದಲ್ಲಿರುವ ಉದ್ಯಾನಕ್ಕೆ ಬ್ರಿಟಿಷರ ಕಾಲದಲ್ಲಿ ವಿಕ್ಟೋರಿಯಾ ಗಾರ್ಡನ್ಸ್ ಎಂಬ ಹೆಸರಿದ್ದಿತು. ಇಂದು ಅದು ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನ. ಜನರ ಬಾಯಲ್ಲಿ ಮಾತ್ರ ರಾಣಿಬಾಗ್. ಮೂರೂ ಒಂದೇ ಎಂಬುದು ಕೇಳುವವನಿಗೆ ರೂಢಿಯಿಂದ ತಿಳಿಯುತ್ತದೆ. ಗಣಕಯಂತ್ರಕ್ಕೆ ಆ ರೂಢಿಯಿಲ್ಲ. ಅಕ್ಷರವೊಂದು ಬದಲಾದರೂ ಹೆಸರು ಬೇರೆ.

ಪ್ರೋಗ್ರಾಮಿನಲ್ಲಿ ಬೆಲೆಯೊಂದನ್ನು ಗುರುತಿಸಲು ಕೊಡುವ ಹೆಸರನ್ನು ನಮ್ಮ ವ್ಯಾಕರಣದ ಅಂಕಿತನಾಮಕ್ಕೆ ಹೋಲಿಸಬಹುದು. ಸಾಮಾನ್ಯವಾಗಿ ಅದರ ನಡುವೆ ತೆರಪಿರಕೂಡದು, ಅದು ಅಂಕಿಯಿಂದ ಆರಂಭವಾಗಕೂಡದು, ಭಾಷೆಯು ತನಗೆಂದು ಕಾಯ್ದಿರಿಸಿಕೊಂಡ ಪದವೂ ಆಗಿರಕೂಡದು. 2008ರಲ್ಲಿ ಬಂದ ಪೈಥಾನ್ 3 ಇಂಥ ಹೆಸರುಗಳಲ್ಲಿ ಕನ್ನಡ ಲಿಪಿಗೂ ಎಡೆಗೊಟ್ಟಿತು. ಅದರಲ್ಲಿ ‘ಬೈಕುಲ್ಲಾ ಉದ್ಯಾನ’ ಸಲ್ಲದು. ಅಡಿಗೆರೆಯಿಂದ ಬೆಸೆದ ‘ಬೈಕುಲ್ಲಾ_ಉದ್ಯಾನ’ ಸಲ್ಲುತ್ತದೆ. ಸ್ವರಚಿಹ್ನೆ, ಅನುಸ್ವಾರಗಳು ವ್ಯಂಜನದ ಬಳಿಕ ಬರಬಹುದೇ ಹೊರತು ಹೆಸರಿನ ಮೊದಲಿಗೆ ಬರಲಾರವು. ಕನ್ನಡ ಬರವಣಿಗೆಯ ಕ್ರಮವೂ ಅದೇ ಅಲ್ಲವೆ?

ತೊಡಕಿರುವುದು ಬೇರೆಡೆ. ಬೈಕುಲ್ಲಾದ ನೆರೆಯ ‘ಲಾಲ್‌ಬಾಗ್’ ಎಂಬ ಹೆಸರನ್ನೇ ನೋಡಬಹುದು. ಅಲ್ಲಿ ‘ಲ್’ ಕಾರಕ್ಕೆ ‘ಬಾ’ ಒತ್ತಾಗಿ ಸೇರದಂತೆ ಯೂನಿಕೋಡ್ ಬರವಣಿಗೆಯಲ್ಲಿ ಕಣ್ಣಿಗೆ ಕಾಣದ ಸಂಕೇತವೊಂದನ್ನು ಇರಿಸಬೇಕಾಗುತ್ತದೆ. ಪೈಥಾನಿನ ಹಲವು ಆವೃತ್ತಿಗಳು ಆ ಸಂಕೇತವನ್ನು ಹೆಸರಿನೊಳಗೆ ಒಪ್ಪುವುದಿಲ್ಲ. ತಪ್ಪೆಲ್ಲಿದೆಯೆಂದು ಹೊಸಬನು ಎಷ್ಟು ದಿಟ್ಟಿಸಿದರೂ ಕಾಣದು! ಅದನ್ನು ತೆಗೆದರೆ ಉಳಿಯುವುದು ‘ಲಾಲ್ಬಾಗ್’. ಯಂತ್ರಕ್ಕೆ ಒಪ್ಪಿತವಾದರೂ ಓದುಗನಿಗೆ ಒಗ್ಗದ ರೂಪ. ಉತ್ತರ ಕರ್ನಾಟಕದ ಬರವಣಿಗೆಯ ಬಳಕೆಯಂತೆ ಅಕಾರಾಂತವಾಗಿಸಿ ‘ಲಾಲಬಾಗ’ ಎನ್ನುವುದೇ ಲೇಸು. ಹಾಗೆಂದು ಒಮ್ಮೆ ಹೆಸರಿಟ್ಟವನು ಕಡೆಯವರೆಗೂ ಹಾಗೆಯೇ ಬರೆಯಬೇಕು. ನಡುವೆ ‘ಲಾಲಬಾಗ್’ ಎಂದರೆ ಯಂತ್ರವು ಆ ಹೆಸರನ್ನು ಅರಿಯೆನೆಂದು ನಿಂತುಬಿಡುತ್ತದೆ.