ಮೂರು ತಿಂಗಳ ಸ್ಕ್ಯಾನಿಂಗ್: ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಸಂಘಗಳಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಬಸುರಿ, ಬಾಣಂತಿಯರ ಮಾತು ಬಂದೇ ಬರುತ್ತದೆ. "ಡಾಕ್ಟ್ರು ಕೂಸಿನ ಕುತ್ತಿಗಿ ನೋಡೋ ಸ್ಕ್ಯಾನ್ ಬರೆದಾರ, ಕೂಸಿಗೆ ಏನಾರ ಆಗೇತೇನು?" ಎಂಬುದು ಅದರಲ್ಲೊಂದು. ಏನೂ ಆಗಿರಬೇಕೆಂದಿಲ್ಲ. ಇದು ಎಲ್ಲಾ ಗರ್ಭಿಣಿಯರಿಗೂ ಹೇಳಬಹುದಾದ ಪರೀಕ್ಷೆ. ಇದಕ್ಕೆ ಎನ್.ಟಿ. ಸ್ಕ್ಯಾನ್ ಎನ್ನುತ್ತಾರೆ.

ಆ ವಯಸ್ಸಿನ ಪ್ರತಿ ಕೂಸಿನ ಕುತ್ತಿಗೆಯ ಹಿಂದೆ, ಚರ್ಮದ ಕೆಳಗೆ ಒಂದಿಷ್ಟು ನೀರು ಇರುತ್ತದೆ. ಅದು ಎಷ್ಟು ದಪ್ಪ ಇದೆ ಎಂದು ಅಳೆಯುತ್ತಾರೆ. ದಪ್ಪ ಹೆಚ್ಚಿದ್ದರೆ ಕ್ರೋಮೋಸೋಮಿನ ತೊಂದರೆ ಅಥವಾ ಹೃದಯದ ತೊಂದರೆ ಇರಬಹುದೇ ಎಂದು ಮುಂದೆ ನೋಡಬೇಕಾಗುತ್ತದೆ. ಇದು ಎಕ್ಸ್‌ರೇ ಅಲ್ಲ, ಶಬ್ದದ ಅಲೆಗಳಿಂದ ಚಿತ್ರ ತೆಗೆಯುವುದು. ಹೆದರಬ್ಯಾಡ್ರಿ.

ಕ್ರೋಮೋಸೋಮ್ ಅಂದರೆ ತಾಯಿ ತಂದೆಯಿಂದ ಬಂದ ಗುಣಗಳನ್ನು ಹೊತ್ತ ಎಳೆಗಳು. ಒಬ್ಬ ಮನುಷ್ಯನಿಗೆ 46 ಇರುತ್ತವೆ. 21ನೇ ಜೋಡಿಯಲ್ಲಿ ಎರಡರ ಬದಲು ಮೂರು ಬಂದರೆ 47 ಆಗುತ್ತವೆ. ಅದೇ ಡೌನ್ ಸಿಂಡ್ರೋಮ್. ಇದನ್ನು 1959ರಲ್ಲಿ ಪ್ರಕಟಿಸಿದವರು ಪ್ಯಾರಿಸ್ಸಿನ ಡಾ. ಜೆರೋಮ್ ಲೆಜೂನ್ ಮತ್ತು ಸಂಗಡಿಗರು. ಜೀವಕೋಶ ಬೆಳೆಸಿ ನೋಡಿದ ಕೆಲಸದಲ್ಲಿ ಮಾರ್ತ ಗೋತಿಯೆ ಎಂಬ ಹೆಣ್ಣುಮಗಳ ಪಾಲು ದೊಡ್ಡದು. ಆಕೆಯ ಹೆಸರು ಮಾತ್ರ ಬಹಳ ವರ್ಷ ಹಿಂದೆಯೇ ಉಳಿಯಿತು.

ಇದು ಹೆಚ್ಚಾಗಿ ಅಂಡಾಣು ಬೆಳೆಯುವಾಗ ತಾನೇ ಆಗುವ ವ್ಯತ್ಯಾಸ. ಗ್ರಹಣದಿಂದ ಅಲ್ಲ, ಬಸುರಿ ತಿಂದದ್ದರಿಂದ ಅಲ್ಲ, ಸೊಸೆಯ ಕಾಲ್ಗುಣದಿಂದಂತೂ ಅಲ್ಲವೇ ಅಲ್ಲ. ನಮ್ಮಲ್ಲಿ ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆ ಮಾಡುವ ರೂಢಿ ಇದೆ. ಅದರಿಂದ ಬೇರೆ ಕೆಲವು ಕಾಯಿಲೆಗಳ ಭಯ ಹೆಚ್ಚುತ್ತದೆ, ಆದರೆ ಡೌನ್ ಸಿಂಡ್ರೋಮಿಗೆ ಅದು ಸಾಮಾನ್ಯ ಕಾರಣ ಅಲ್ಲ. ತಾಯಿಯ ವಯಸ್ಸು ಮಾತ್ರ ಲೆಕ್ಕಕ್ಕೆ ಬರುತ್ತದೆ: 20ರ ವಯಸ್ಸಿನಲ್ಲಿ ಸುಮಾರು 1500ಕ್ಕೆ ಒಂದು, 35ರಲ್ಲಿ ಸುಮಾರು 350ಕ್ಕೆ ಒಂದು, 40ರಲ್ಲಿ ಸುಮಾರು 100ಕ್ಕೆ ಒಂದು. ಹಾಗಂತ ಚಿಕ್ಕವಯಸ್ಸಿನವರಿಗೆ ಬರೋದೇ ಇಲ್ಲ ಅಂತಲ್ಲ.

ಸಮಯ ಮುಖ್ಯ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿ 11 ವಾರ ತುಂಬಿದ ಮೇಲೆ, 14 ವಾರ ತುಂಬುವುದರೊಳಗೆ ಮಾತ್ರ ಈ ಅಳತೆ ಸರಿಯಾಗಿ ಸಿಗುತ್ತದೆ. "ಮೂರು ತುಂಬೋತನಕ ಯಾರಿಗೂ ಹೇಳಬಾರದು" ಎಂದು ಮುಚ್ಚಿಟ್ಟರೆ ಆ ದಿನಗಳು ಕಳೆದೇ ಹೋಗುತ್ತವೆ. ಊರಿಗೆಲ್ಲ ಹೇಳಬೇಡಿ, ಆಶಾ ಕಾರ್ಯಕರ್ತೆಗೆ ಹೇಳಿ, ಮುಟ್ಟಿನ ತಾರೀಖು ಬರೆಸಿ. ಈ ಸ್ಕ್ಯಾನ್ ಯಾವ ಆಸ್ಪತ್ರೆಯಲ್ಲಿ ಆಗುತ್ತದೆ, ಖರ್ಚೆಷ್ಟು ಎಂದು ಹೋಗುವ ಮುಂಚೆಯೇ ವಿಚಾರಿಸಿ.

ಸ್ಕ್ಯಾನ್ ಜೊತೆ ಡಬಲ್ ಮಾರ್ಕರ್ ಎಂಬ ರಕ್ತ ಪರೀಕ್ಷೆಯನ್ನೂ ಮಾಡಿಸಿದರೆ ಡೌನ್ ಸಿಂಡ್ರೋಮ್ ಇರುವ 10 ಕೂಸುಗಳಲ್ಲಿ ಸುಮಾರು 9 ಗುರುತಿಗೆ ಸಿಗುತ್ತವೆ. ಒಂದು ತಪ್ಪಿಹೋಗಬಹುದು. ಇನ್ನೊಂದು ಕಡೆ, ಪರೀಕ್ಷೆಗೆ ಬಂದ 100 ಜನರಲ್ಲಿ ಸುಮಾರು 5 ಜನರಿಗೆ ಕೂಸು ಸರಿಯಿದ್ದರೂ "ಹೈ ರಿಸ್ಕ್" ಎಂದು ಬರುತ್ತದೆ. ಈ ಮಾತಿಗೇ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚುವುದಿಲ್ಲ. ವರದಿಯಲ್ಲಿ 200ಕ್ಕೆ 1 ಎಂದಿದ್ದರೆ ಅರ್ಥ ಏನು? 20 ಜನರ 10 ಸಂಘಗಳನ್ನು ಒಟ್ಟು ಕೂಡಿಸಿ, ಅಷ್ಟೂ ಜನ ಬಸುರಿಯರು, ಎಲ್ಲರಿಗೂ ಇದೇ ವರದಿ ಬಂದಿದೆ ಅಂದುಕೊಳ್ಳಿ. ಅವರಲ್ಲಿ ಒಬ್ಬಳ ಕೂಸಿಗೆ ಡೌನ್ ಸಿಂಡ್ರೋಮ್ ಇರುತ್ತದೆ, 199 ಜನರ ಕೂಸಿಗೆ ಇರುವುದಿಲ್ಲ. ಹೈ ರಿಸ್ಕ್ ಅಂದರೆ ಇನ್ನೊಮ್ಮೆ ನೋಡಿ ಅಂತ, ತೀರ್ಪು ಅಲ್ಲ.

ಖಚಿತವಾಗಿ ತಿಳಿಯಲು ಸೂಜಿಯಿಂದ ಗರ್ಭದ ನೀರು ತೆಗೆದು ಪರೀಕ್ಷಿಸಬೇಕು. ಇದು 15 ವಾರ ತುಂಬಿದ ಮೇಲೆ ಆಗುತ್ತದೆ, ಗರ್ಭ ಜಾರುವ ಸಣ್ಣ ಅಪಾಯವೂ ಇದೆ. ಆದ್ದರಿಂದ ಅಪಾಯ, ಪ್ರಯೋಜನ ಎರಡನ್ನೂ ತಿಳಿಸಿ, ನಿಮಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಪತ್ರ ಬರೆಸಿಕೊಂಡು, ಅದರ ಪ್ರತಿ ನಿಮಗೆ ಕೊಡಬೇಕು. 1994ರ ಕಾಯಿದೆ ಹಾಗೆ ಹೇಳುತ್ತದೆ. ಓದದೆ ಹೆಬ್ಬೆಟ್ಟು ಒತ್ತಬೇಡಿ. ಸಾಲದ ಪತ್ರಕ್ಕೆ ನೂರು ಪ್ರಶ್ನೆ ಕೇಳುವವರು ನಾವು, ಇದಕ್ಕೂ ಕೇಳೋಣ.

ಅದೇ ಕಾಯಿದೆ ಗಂಡೋ ಹೆಣ್ಣೋ ಎಂದು ಹೇಳುವುದನ್ನೂ ಕೇಳುವುದನ್ನೂ ನಿಷೇಧಿಸಿದೆ. ಮಂಡ್ಯದ ಕಡೆ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣುಕೂಸುಗಳನ್ನು ತೆಗೆಸುತ್ತಿದ್ದ ಜಾಲ 2023ರಲ್ಲಿ ಸಿಕ್ಕಿಬಿದ್ದದ್ದು ನೆನಪಿರಬಹುದು.

ನಮ್ಮದು ಧರ್ಮಸಭೆಯ ಸಂಸ್ಥೆ. ಗರ್ಭದಲ್ಲಿರುವ ಕೂಸೂ ದೇವರು ಕೊಟ್ಟ ಜೀವ ಎಂಬ ನಮ್ಮ ನಂಬಿಕೆಯನ್ನು ಮುಚ್ಚಿಡುವುದಿಲ್ಲ. ಹಾಗಾದರೆ ಪರೀಕ್ಷೆ ಯಾಕೆ ಎಂದು ಕೆಲವರು ಕೇಳುತ್ತಾರೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಮೊದಲೇ ಗೊತ್ತಾದರೆ ಹೃದಯದ ಸ್ಕ್ಯಾನ್ ಮಾಡಿಸಿ, ಮಕ್ಕಳ ತಜ್ಞರಿರುವ ದೊಡ್ಡ ಆಸ್ಪತ್ರೆಯಲ್ಲಿ ಹೆರಿಗೆಗೆ ತಯಾರಾಗಬಹುದು. ಅತ್ತೆ, ಗಂಡ ಯಾರೇ ಆಗಲಿ "ತೆಗೆಸಿಬಿಡು" ಎಂದು ಒತ್ತಾಯ ಮಾಡುವಂತಿಲ್ಲ. ಹೆಂಗಸಿನ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡುವುದು ಅಪರಾಧ. ಅಂಥ ಮನೆಗೆ ಸಂಘದ ನಾಲ್ಕು ಜನ ಹೋಗಿ ಕೂತರೆ ಮಾತಿನ ಧಾಟಿ ಬದಲಾಗುತ್ತದೆ.

ಇಂಥ ಮಗು ನಡೆಯುವುದು, ಮಾತಾಡುವುದು ತಡ. ಕಲಿಸಿದರೆ ಕಲಿಯುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಡೌನ್ ಸಿಂಡ್ರೋಮ್, ಹುಟ್ಟು ಹೃದಯರೋಗ ಎರಡೂ ಸೇರಿವೆ. ಅಂಗನವಾಡಿಗೆ ಬರುವ ಆ ತಂಡಕ್ಕೆ ಮಗುವನ್ನು ತೋರಿಸಿ. ಅಂಗವೈಕಲ್ಯದ ಯು.ಡಿ.ಐ.ಡಿ. ಕಾರ್ಡಿಗೂ ಅರ್ಜಿ ಹಾಕಿಸಿ.

ಕಾಫಿ ತೋಟಕ್ಕೋ ಬೆಂಗಳೂರಿಗೋ ಗುಳೆ ಹೋಗುವ ಬಸುರಿಯರು ತಾಯಿ ಕಾರ್ಡನ್ನೂ ಸ್ಕ್ಯಾನ್ ವರದಿಯನ್ನೂ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಜೊತೆಗೇ ಒಯ್ಯಿರಿ. ಅಲ್ಲಿಯ ಡಾಕ್ಟರಿಗೆ ಮೊದಲು ಬೇಕಾಗುವುದು ಅವೇ.