ಮಂಡಿ ಮಡಿಸಿದರೆ ಕೈಗೆ ಸಿಗುವ ಸ್ನಾಯು

ಬೆಂಗಳೂರಿನ ಡಿ.ವಿ.ಜಿ. ರಸ್ತೆಯ ಬಟ್ಟೆ ಅಂಗಡಿಯಲ್ಲಿ ನಿಂತಲ್ಲೇ ನಿಂತು ಸೀರೆ ಬಿಡಿಸಿ ತೋರಿಸುವವರ ಮೀನಖಂಡವೂ ದುಡಿಯುತ್ತದೆ, ವಿದ್ಯಾರ್ಥಿ ಭವನ ಹೋಟೆಲಿನಲ್ಲಿ ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಪೇರಿಸಿಕೊಂಡು ಓಡಾಡುವವರದೂ ದುಡಿಯುತ್ತದೆ. ದುಡಿಯುವ ಬಗೆ ಮಾತ್ರ ಬೇರೆ. ಕಾಲು ನೀವುವವರು ಮೊದಲು ತಿಳಿಯಬೇಕಾದದ್ದು ಈ ವ್ಯತ್ಯಾಸವನ್ನೇ.

ಒಂದೇ ಮುದ್ದೆಯಂತೆ ಕಾಣುವ ಮೀನಖಂಡದಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಮೇಲಿನದು ಗ್ಯಾಸ್ಟ್ರೋಕ್ನೀಮಿಯಸ್. ತೊಡೆಮೂಳೆಯ ಕೆಳತುದಿಯಲ್ಲಿ ಎರಡು ತಲೆಗಳಾಗಿ ಹುಟ್ಟಿ, ಮಂಡಿಯನ್ನು ದಾಟಿ ಇಳಿಯುತ್ತದೆ. ಅದರಡಿ ಹಾಸಿಕೊಂಡಿರುವ ಸೋಲಿಯಸ್ ಹುಟ್ಟುವುದು ಮಂಡಿಯ ಕೆಳಗೆ, ಕಾಲಿನ ಎರಡು ಮೂಳೆಗಳಿಂದ. ಇವೆರಡೂ ಅಕಿಲಿಸ್ ಸ್ನಾಯುರಜ್ಜುವಿನಲ್ಲಿ ಒಂದಾಗಿ ಹಿಮ್ಮಡಿ ಮೂಳೆಗೆ ಅಂಟುತ್ತವೆ. ಮಂಡಿ ಮಡಿಸಿದರೆ ಮೇಲಿನದು ಸಡಿಲಾಗುತ್ತದೆ. ಸೋಲಿಯಸ್‌ಗೆ ಅದರಿಂದ ಏನೂ ಆಗುವುದಿಲ್ಲ.

ಕುರ್ಚಿಯಲ್ಲಿ ಕುಳಿತು, ಬೆರಳುಗಳನ್ನು ನೆಲಕ್ಕೆ ಒತ್ತಿ ಹಿಮ್ಮಡಿ ಎತ್ತಿ ನೋಡಿ. ಮೇಲಿನ ಉಬ್ಬು ಅಷ್ಟೇನೂ ಬಿಗಿಯುವುದಿಲ್ಲ. ಕೆಳಗೆ, ಸ್ನಾಯುರಜ್ಜುವಿನ ಇಕ್ಕೆಲಗಳಲ್ಲಿ ಗಟ್ಟಿಯಾಗುವುದೇ ಸೋಲಿಯಸ್. ಇನ್ನು ಗೋಡೆ ಹಿಡಿದು, ಮಂಡಿ ನೆಟ್ಟಗಿಟ್ಟು ತುದಿಗಾಲಲ್ಲಿ ನಿಂತರೆ ಮೇಲಿನ ಎರಡು ಉಬ್ಬುಗಳು ಎದ್ದು ಕಾಣುತ್ತವೆ. ಜೆ.ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆ ನಡೆಸಿದ, ‘ಶಾಂತಲಾ’ ಕಾದಂಬರಿಯ ಕರ್ತೃ ಕೆ.ವಿ. ಅಯ್ಯರ್ 1930ರಲ್ಲೇ ‘ಮಸಲ್ ಕಲ್ಟ್’ ಎಂಬ ಪುಸ್ತಕ ಬರೆದಿದ್ದರು. ಸ್ನಾಯುಗಳನ್ನು ಹೀಗೆ ಒಂದೊಂದಾಗಿ ಪರಿಚಯ ಮಾಡಿಕೊಳ್ಳುವ ಆಸ್ಥೆ ಈ ಊರಿಗೆ ಹೊಸದಲ್ಲ.

ನಾವು ನಿಂತಾಗ ದೇಹದ ಭಾರ ಕಣಕಾಲಿನ ಕೀಲಿಗಿಂತ ತುಸು ಮುಂದಕ್ಕೆ ಬೀಳುತ್ತದೆ. ಮುಗ್ಗರಿಸದಂತೆ ಹಿಂದಿನಿಂದ ಹಿಡಿದಿಡುವ ಕೆಲಸ ಬಹುಪಾಲು ಸೋಲಿಯಸ್‌ನದು. ನಡೆಯುವಾಗ ಅದು ಹಿಂಡಿ, ಸಡಿಲಿಸಿ, ಅಭಿಧಮನಿಗಳ ರಕ್ತವನ್ನು ಹೃದಯದ ಕಡೆಗೆ ಏರಿಸುತ್ತದೆ. ಒಳಗಿನ ಕವಾಟಗಳು ಅದನ್ನು ಹಿಂದಕ್ಕೆ ಇಳಿಯಗೊಡುವುದಿಲ್ಲ. ನಿಂತೇ ಇದ್ದರೆ ಈ ಪಂಪು ಸರಿಯಾಗಿ ಓಡುವುದಿಲ್ಲ. ಸಂಜೆಗೆ ಪಾದ ಊದಿ ಚಪ್ಪಲಿ ಬಿಗಿಯಾಗುವುದು ಅದಕ್ಕೇ. ಮಲ್ಲೇಶ್ವರ, ಬಸವನಗುಡಿಯ ಮನೆಗಳಲ್ಲಿ ಭರತನಾಟ್ಯ ಕಲಿಯುವ ಮಕ್ಕಳ ಕಾಲನ್ನೂ ಗಮನಿಸಬೇಕು. ಅರೆಮಂಡಿಯಲ್ಲಿ ಮಂಡಿ ಮಡಿದೇ ಇರುವುದರಿಂದ ಮೀನಖಂಡದ ಭಾರ ಹೆಚ್ಚಾಗಿ ಸೋಲಿಯಸ್ ಪಾಲಿಗೆ ಬರುತ್ತದೆ. ಅವರ ಕಾಲಿಗೆ ಮೇಲುಮೇಲೆ ಎಣ್ಣೆ ತಿಕ್ಕಿದರೆ ಸಾಲದು.

ಹಾಗಾದರೆ ಸೋಲಿಯಸ್‌ಗೆ ಕೈ ತಲುಪುವುದು ಹೇಗೆ? ಬೋರಲು ಮಲಗಿಸಿ, ಮಂಡಿ ಮಡಿಸಿ ಪಾದವನ್ನು ಮೇಲಕ್ಕೆತ್ತಿ ಹಿಡಿಯಬೇಕು. ಮೇಲಿನ ಸ್ನಾಯು ಸಡಿಲವಾದಾಗ ಹೆಬ್ಬೆರಳುಗಳಿಂದ ಎರಡೂ ಪಕ್ಕದಲ್ಲಿ ನಿಧಾನವಾಗಿ ಒತ್ತುತ್ತ, ಹಿಮ್ಮಡಿಯ ಕಡೆಯಿಂದ ಮಂಡಿಯತ್ತ ಸಾಗಬೇಕು. ಇನ್ನೂ ಆಳದಲ್ಲಿರುವ ಟಿಬಿಯಾಲಿಸ್ ಪೋಸ್ಟೀರಿಯರ್‌ನ ರಜ್ಜು ಕಣಕಾಲಿನ ಒಳಬದಿಯ ಗಂಟಿನ ಹಿಂದಿನಿಂದ ಬಳಸಿ ಅಂಗಾಲಿಗೆ ಇಳಿದು ಪಾದದ ಕಮಾನನ್ನು ಎತ್ತಿ ಹಿಡಿಯುತ್ತದೆ. ಅಂಗಾಲಿನ ಸ್ನಾಯುಗಳು ನಾಲ್ಕು ಪದರಗಳಲ್ಲಿವೆ, ಅವುಗಳ ಮೇಲೆ ದಪ್ಪ ಪೊರೆಯ ಹೊದಿಕೆ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚುವುದು ಹೆಚ್ಚಾಗಿ ಈ ಪೊರೆಯ ನೋವು. ಮೀನಖಂಡದ ಬಿಗಿತ ಇದನ್ನು ಹೆಚ್ಚಿಸುವುದರಿಂದ ಬರೀ ಅಂಗಾಲು ಒತ್ತಿ ಬಿಡಬಾರದು.

ಒತ್ತಬಾರದ ಜಾಗಗಳು ಒತ್ತುವ ಜಾಗಗಳಷ್ಟೇ ಮುಖ್ಯ. ಮಂಡಿಯ ಹಿಂದಿನ ಗುಳಿಯಲ್ಲಿ ದೊಡ್ಡ ರಕ್ತನಾಳಗಳೂ ನರವೂ ಹಾದುಹೋಗುತ್ತವೆ. ಮಂಡಿಯ ಹೊರಬದಿ ಕೆಳಗೆ, ಫಿಬುಲಾ ಮೂಳೆಯ ಕತ್ತನ್ನು ಸುತ್ತುವ ನರ ಚರ್ಮದಡಿಯಲ್ಲೇ ಇದೆ. ಅದಕ್ಕೆ ಪೆಟ್ಟಾದರೆ ಪಾದ ಎತ್ತಲು ಆಗದೆ ಹೋಗಬಹುದು. ಉಬ್ಬಿದ ನೀಲಿ ನಾಳಗಳ ಮೇಲೆ ಬಲ ಹಾಕಬೇಡಿ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಎಣ್ಣೆ ಎಷ್ಟು ಬಿಸಿಯಿದೆಯೆಂದು ಗೊತ್ತಾಗದು, ನೀವೇ ಮುಟ್ಟಿ ನೋಡಿ. ಒಂದೇ ಕಾಲು ಊದಿ, ಬೆಚ್ಚಗಾಗಿ, ನೋಯುತ್ತಿದ್ದರೆ, ಅದರಲ್ಲೂ ಶಸ್ತ್ರಚಿಕಿತ್ಸೆ ಅಥವಾ ದೂರದ ಪ್ರಯಾಣದ ನಂತರವಾದರೆ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ನೀವಿದರೆ ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಆಗ ಎಣ್ಣೆ ಬಟ್ಟಲು ಬದಿಗಿಟ್ಟು ಅವರನ್ನು ಕೂಡಲೇ ಆಸ್ಪತ್ರೆಗೆ ಕಳಿಸಿ.